ಜೊಟೆರೋದಲ್ಲಿ ಎಐ: ಸಾರಾಂಶ ಕೇಳುವ ಮುನ್ನ ಪಿಡಿಎಫ್ ಪರೀಕ್ಷಿಸಿ

ಸಂಶೋಧನಾ ಲೇಖನಗಳನ್ನೂ ಉಲ್ಲೇಖಗಳನ್ನೂ ಜೋಡಿಸಿಡುವ ತಂತ್ರಾಂಶಗಳಾದ ಎಂಡ್‌ನೋಟ್, ಮೆಂಡೆಲೆಗಳಲ್ಲಿ ಎಐ ಒಳಗೇ ಬಂದಿದೆ. ಅದೇ ಕೆಲಸದ ಜೊಟೆರೋಗೆ ಎಐ ಪ್ಲಗಿನ್ (ಸೇರಿಸಿಕೊಳ್ಳುವ ಪುಟ್ಟ ತಂತ್ರಾಂಶ) ಹಾಕಿಕೊಳ್ಳುವವರೇ ಹೆಚ್ಚು. ಗ್ರಂಥಾಲಯದಲ್ಲಿ ಸಂಶೋಧನಾ ವಿದ್ಯಾರ್ಥಿಗಳ ಉಲ್ಲೇಖಪಟ್ಟಿ ನೋಡುವವರಿಗೆ ಇದರಿಂದ ಎದುರಾಗುವ ಎಡವಟ್ಟುಗಳು ಬಹುಪಾಲು ಎಐಯ ಜಾಣತನಕ್ಕಲ್ಲ, ಅದಕ್ಕೆ ಉಣಿಸಿದ ಕಡತಕ್ಕೆ ಸಂಬಂಧಿಸಿದವು. ಕನ್ನಡ ಲೇಖನಗಳಲ್ಲಂತೂ ಹೀಗೇ.

ಪಿಡಿಎಫ್‌ನಿಂದ ಒಂದು ಪ್ಯಾರಾ ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಹಾಕಿ. ಹಳೆಯ ನುಡಿ ಅಥವಾ ಶ್ರೀಲಿಪಿ ಫಾಂಟಿನಲ್ಲಿ ಟೈಪಾದದ್ದಾದರೆ ಕನ್ನಡದ ಬದಲು ತಲೆಯ ಮೇಲೆ ಗೀಟು, ಚುಕ್ಕೆ ಹೊತ್ತ ರೋಮನ್ ಅಕ್ಷರಗಳು ಬೀಳುತ್ತವೆ. ಪರದೆಯ ಮೇಲೆ ಕಾಣುವುದು ಕನ್ನಡ, ಒಳಗೆ ಯಂತ್ರ ಕನ್ನಡವೆಂದು ಗುರುತಿಸುವ ಯೂನಿಕೋಡ್ ಸಂಕೇತ ಇಲ್ಲ. ಎಐಗೆ ಸಿಗುವುದು ಆ ಕಲಸುಮೇಲೋಗರವೇ. ಆದರೂ ಅದು ಸುಮ್ಮನಿರುವುದಿಲ್ಲ; ಶೀರ್ಷಿಕೆಯನ್ನೋ ಇಂಗ್ಲಿಷ್ ಅಬ್‌ಸ್ಟ್ರ್ಯಾಕ್ಟನ್ನೋ ಹಿಡಿದು ನಂಬುವಂಥ ಸಾರಾಂಶ ಹೊಸೆದು ಕೊಡಬಹುದು. ಏನೂ ಪೇಸ್ಟ್ ಆಗದಿದ್ದರೆ ಅದು ಬರೀ ಸ್ಕ್ಯಾನ್ ಚಿತ್ರ.

ಎರಡಕ್ಕೂ ಮದ್ದು ಒಸಿಆರ್, ಅಂದರೆ ಚಿತ್ರದಲ್ಲಿನ ಅಕ್ಷರ ಗುರುತಿಸಿ ಪಠ್ಯವಾಗಿಸುವ ತಂತ್ರ. ಸ್ಕ್ಯಾನ್ 300 ಡಿಪಿಐ ಇರಲಿ, ಒಸಿಆರ್ ತಂತ್ರಾಂಶ ಟೆಸರಾಕ್ಟ್‌ನ ಕನ್ನಡ ಭಾಷಾ ಕಡತ ಹಾಕಿಕೊಂಡಿರಲಿ. ಪಿಡಿಎಫ್‌ಗೆ ಒಸಿಆರ್ ಪಠ್ಯ ಸೇರಿಸುವ ಒಸಿಆರ್‌ಮೈಪಿಡಿಎಫ್ ಬಳಸುವವರು ನುಡಿ ಫಾಂಟಿನ ಕಡತಕ್ಕೆ ‘ಫೋರ್ಸ್ ಒಸಿಆರ್’ ಆಯ್ಕೆ ಕೊಡಬೇಕು. ಇಲ್ಲದಿದ್ದರೆ ‘ಈ ಪುಟದಲ್ಲಿ ಆಗಲೇ ಪಠ್ಯವಿದೆ’ ಎಂದು ಅದು ನಿಂತುಬಿಡುತ್ತದೆ. ಹೊಸ ಕಡತವನ್ನು ಮೂಲದ ಪಕ್ಕದಲ್ಲೇ ಲಗತ್ತಿಸಿ, ಮೂಲವನ್ನು ಅಳಿಸಬೇಡಿ. ಒಸಿಆರ್ ಅರ್ಕಾವತ್ತನ್ನು ೯ ಎಂದೂ ಸೊನ್ನೆಯನ್ನು ಅನುಸ್ವಾರವೆಂದೂ ಓದಬಲ್ಲದು. ಹಾಗಾಗಿ ಇಸವಿ, ಪುಟಸಂಖ್ಯೆಗಳನ್ನು ಮೂಲದೊಡನೆ ಕಣ್ಣಾರೆ ತಾಳೆ ನೋಡಲೇಬೇಕು.

ಸಾರಾಂಶ ಕೇಳುವಾಗ ‘ಪ್ರತಿ ಅಂಶಕ್ಕೂ ಮೂಲ ವಾಕ್ಯ, ಪುಟಸಂಖ್ಯೆ ಕೊಡು’ ಎನ್ನಿ. ಆ ವಾಕ್ಯವನ್ನು ಪಿಡಿಎಫ್‌ನಲ್ಲಿ ಹುಡುಕಿ. ಸಿಗದಿದ್ದರೆ ಆ ಅಂಶ ಬಿಡಿ. ಸಿಕ್ಕರೂ ಹಿಂದುಮುಂದಿನ ಪ್ಯಾರಾ ಓದಬೇಕು, ಏಕೆಂದರೆ ಲೇಖಕರು ಖಂಡಿಸಲೆಂದು ಎತ್ತಿಕೊಂಡ ಪೂರ್ವಪಕ್ಷವನ್ನೇ ಎಐ ಅವರ ನಿಲುವೆಂದು ಬರೆದುಬಿಡಬಹುದು. ವಿಮರ್ಶಾ ಲೇಖನಗಳಲ್ಲಿ ಇದಕ್ಕೆ ಆಸ್ಪದ ಹೆಚ್ಚು, ಪತ್ತೆಹಚ್ಚುವುದೂ ಕಷ್ಟ. ಎಐ ಕೊಟ್ಟ ಟಿಪ್ಪಣಿಗಳಿಗೆ ಬೇರೆಯದೇ ಟ್ಯಾಗ್ ಹಾಕಿ. ಆರು ತಿಂಗಳ ಮೇಲೆ ಯಾವುದು ನಿಮ್ಮ ಮಾತು, ಯಾವುದು ಯಂತ್ರದ್ದು ಎಂದು ನಿಮಗೇ ಗೊತ್ತಾಗುವುದಿಲ್ಲ.

ಇನ್ನು ಉಲ್ಲೇಖಗಳ ಮಾತು. ಚಾಟ್‌ಬಾಟ್ ಕೊಟ್ಟ ಬಿಬ್‌ಟೆಕ್ (ತಂತ್ರಾಂಶ ಓದುವ ರೂಪದ ಉಲ್ಲೇಖ ವಿವರ) ಅನ್ನು ‘ಇಂಪೋರ್ಟ್ ಫ್ರಮ್ ಕ್ಲಿಪ್‌ಬೋರ್ಡ್’ ಮೂಲಕ ಒಳಗೆ ತರಬೇಡಿ. ಅಂಥ ಲೇಖನ ಲೋಕದಲ್ಲಿ ಇದೆಯೇ ಎಂದು ಜೊಟೆರೋ ಕೇಳುವುದಿಲ್ಲ. ಆಮೇಲೆ ವರ್ಡ್ ಪ್ಲಗಿನ್ ಅದನ್ನು ಎಪಿಎ ಉಲ್ಲೇಖ ಶೈಲಿಯಲ್ಲಿ ಅಚ್ಚುಕಟ್ಟಾಗಿ ಕೂರಿಸುತ್ತದೆ, ಸುಳ್ಳೆಂಬ ಗುಮಾನಿಯೂ ಬರುವುದಿಲ್ಲ. ಲೇಖನದ ಕಾಯಂ ಗುರುತುಸಂಖ್ಯೆ ಡಿಒಐ ಅಥವಾ ಪುಸ್ತಕದ ಐಎಸ್‌ಬಿಎನ್ ಮಾತ್ರ ತೆಗೆದುಕೊಂಡು ಜೊಟೆರೋದ ಮಂತ್ರದಂಡ ಚಿತ್ರದ ಗುಂಡಿಯಲ್ಲಿ ಹಾಕಿ. ಸಂಖ್ಯೆ ನಿಜವಿದ್ದು ಬೇರೆಯೇ ಲೇಖನ ತೆರೆದುಕೊಳ್ಳುವುದೂ ಉಂಟು, ಶೀರ್ಷಿಕೆ ಹೋಲಿಸಿ. ಡಿಒಐ ಇಲ್ಲದ ಕನ್ನಡ ಪತ್ರಿಕೆಯಾದರೆ ಮುಖಪುಟ, ಪರಿವಿಡಿ ನೋಡಿ ಕೈಯಾರೆ ತುಂಬುವುದೇ ಕ್ಷೇಮ.

ಪ್ರಕಟವಾಗದ ಹಸ್ತಪ್ರತಿ, ಪರಿಶೀಲನೆಗೆ ಬಂದ ಲೇಖನಗಳನ್ನು ಎಐಗೆ ಕೊಡಲೇಬೇಡಿ: ಎಪಿಐ ಕೀ (ಎಐ ಸೇವೆಗೆ ಸಂಪರ್ಕ ಕೊಡುವ ಗುಪ್ತಸಂಕೇತ) ಕೇಳುವ ಪ್ಲಗಿನ್ ಸಾಮಾನ್ಯವಾಗಿ ಪಠ್ಯವನ್ನು ಹೊರಗಿನ ಸರ್ವರಿಗೆ ಕಳಿಸುತ್ತದೆ. ಸಂಶೋಧನಾ ಪತ್ರಿಕೆಗಳನ್ನು ಒದಗಿಸುವ ಕೇಂದ್ರ ಸರ್ಕಾರದ ‘ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್’ ಯೋಜನೆಯ ಮೂಲಕ ಸಿಗುವ ಲೇಖನಗಳನ್ನು ಎಐಗೆ ಹಾಕಬಹುದೇ ಎಂಬುದು ಆಯಾ ಪ್ರಕಾಶಕರ ಷರತ್ತಿಗೆ ಬಿಟ್ಟದ್ದು; ಗ್ರಂಥಪಾಲಕರನ್ನು ಕೇಳಿ ಮುಂದುವರಿಯಿರಿ.