ಶುಗರ್ ಕಾಲಂ

ಮಧ್ಯಾಹ್ನ ದಾವಣಗೆರೆ ಮಂಡಿಪೇಟೆಯ ಅಂಗಡಿಯೊಂದರಲ್ಲಿ ಹೆಲ್ತ್ ಇನ್ಶೂರೆನ್ಸ್ ಪ್ರಪೋಸಲ್ ಫಾರ್ಮ್ ತುಂಬ್ತಿದ್ದೆ.

"ಶುಗರ್ ಇದೆಯಾ ಅಣ್ಣಾ?"

"ಆರು ವರ್ಷದಿಂದ ಇದೆ. ಇಲ್ಲ ಅಂತ ಬರ್ಕೊಳಪ್ಪ, ಪ್ರೀಮಿಯಂ ಜಾಸ್ತಿ ಆಗುತ್ತೆ."

ಪೆನ್ನು ಅಲ್ಲೇ ನಿಂತಿತು. ಈ ತಿಂಗಳು ಆಗಿರೋದು ಎರಡೇ ಪಾಲಿಸಿ. ಇಲ್ಲ ಅಂತ ಬರೆದರೆ ಇದು ಮೂರನೇದು, ಕಮಿಷನ್ನೂ ಬರುತ್ತೆ. ಆದರೆ ನಾಳೆ ಆಸ್ಪತ್ರೆಯಲ್ಲಿ ಹಳೇ ಮಾತ್ರೆ ಚೀಟಿ ಸಿಕ್ಕಿ ಕ್ಲೇಮ್ ರಿಜೆಕ್ಟ್ ಆದರೆ, ಬಿಲ್ ಹಿಡ್ಕೊಂಡು ನಿಲ್ಲೋರು ಅವರ ಮನೆಯವರು.

"ಇದೆ ಅಂತಲೇ ಬರೆಯೋಣ ಅಣ್ಣಾ. 2024ರಿಂದ ಹಳೇ ಕಾಯಿಲೆಗೆ ಕ್ಲೇಮ್ ಸಿಗೋಕೆ ಹೆಚ್ಚೆಂದರೆ 3 ವರ್ಷ ಕಾಯಬೇಕು, ಮೊದಲು 4 ಇತ್ತು. ಸೆಪ್ಟೆಂಬರ್ 2025ರಿಂದ ಪ್ರೀಮಿಯಂ ಮೇಲಿನ ಜಿಎಸ್‌ಟಿನೂ ತೆಗೆದಿದ್ದಾರೆ."

"ಮನೇಲಿ ಕೇಳಿ ಹೇಳ್ತೀನಿ" ಅಂದ್ರು.

ಅರ್ಧ ತುಂಬಿದ ಫಾರ್ಮ್ ಬ್ಯಾಗಲ್ಲಿದೆ. ರಾತ್ರಿ ಹತ್ತಾಯ್ತು, ಫೋನ್ ಬಂದಿಲ್ಲ. ನನ್ನ ಹತ್ರ ಬೇಡ, ಯಾರ ಹತ್ರನಾದ್ರೂ ಮಾಡಿಸ್ಲಿ. ನಿಜ ಬರೆಸಿ ಮಾಡಿಸ್ಲಿ.