ಎರಡು ಬಿಂದು ಕೊಟ್ಟರೆ ಯಾವ ಸೂತ್ರ ಹಾಕೋದು?

ನಾನು ಗಣಿತ ಹೇಳಿಕೊಡುತ್ತೇನೆ ಅಂತ ಗೊತ್ತಾದರೆ ಸಾಕು, ಫಸ್ಟ್ ಪಿಯುಸಿ ಮಕ್ಕಳಿಂದ ಈ ಪ್ರಶ್ನೆ ಬಂದೇ ಬರುತ್ತದೆ. "ಸಾರ್, ಎರಡು ಬಿಂದು ಕೊಟ್ಟು ಸರಳರೇಖೆಯ ಸಮೀಕರಣ ಕೇಳಿದ್ದಾರೆ. ಯಾವ ಸೂತ್ರ ಹಾಕೋದು?" ಆ ಪಾಠದಲ್ಲಿ ಸೂತ್ರಗಳು ಒಂದಲ್ಲ ಎರಡಲ್ಲ. ಎಲ್ಲವನ್ನೂ ಬಾಯಿಪಾಠ ಮಾಡಿದವರಿಗೇ ಗೊಂದಲ ಜಾಸ್ತಿ.

ನನ್ನ ಉತ್ತರ ಇಷ್ಟು: ನೇರ ಗೆರೆಯ ಇಳಿಜಾರು ಎಲ್ಲಿ ಅಳೆದರೂ ಒಂದೇ. ಬಲಕ್ಕೆ ಒಂದು ಹೆಜ್ಜೆ ಹೋದರೆ ಎಷ್ಟು ಏರುತ್ತೇವೆ ಅನ್ನೋದೇ ಇಳಿಜಾರು, ಅಂದರೆ ಸ್ಲೋಪ್. ಮಿಕ್ಕಿದ್ದೆಲ್ಲ ಇದರಿಂದಲೇ ಹುಟ್ಟುತ್ತದೆ.

(3, −2) ಮತ್ತು (5, 4) ತೆಗೆದುಕೊಳ್ಳಿ. ಬಲಕ್ಕೆ 2 ಹೋದೆವು. −2 ರಿಂದ 4 ಕ್ಕೆ, ಅಂದರೆ 6 ಏರಿದೆವು. ಇಲ್ಲಿ 4 ರಿಂದ 2 ಕಳೆದು 2 ಅಂತ ಬರೆಯುವವರೇ ಅರ್ಧ ಕ್ಲಾಸು! ಋಣ ಚಿಹ್ನೆ ಕಂಡರೆ ಆವರಣ ಹಾಕಿ: 4 − (−2). ಇಳಿಜಾರು 6 ಭಾಗಿಸು 2, ಅಂದರೆ 3. ಈಗ ಗೆರೆಯ ಮೇಲೆ ಯಾವುದೋ ಒಂದು ಬಿಂದು (ಎಕ್ಸ್, ವೈ) ಇದೆ ಅಂದುಕೊಳ್ಳಿ. (3, −2) ರಿಂದ ಅಲ್ಲಿಗೆ ಹೋದರೂ ಇಳಿಜಾರು 3 ಆಗಲೇಬೇಕಲ್ವಾ? ಹಾಗಾಗಿ ವೈ + 2 = 3(ಎಕ್ಸ್ − 3). ಬಿಡಿಸಿದರೆ ವೈ = 3ಎಕ್ಸ್ − 11. ನಂಬಿಕೆ ಬರದಿದ್ದರೆ ಎರಡನೇ ಬಿಂದು ಹಾಕಿ ನೋಡಿ: 15 − 11 = 4. ಸರಿ ಬಂತು.

ಬೆಂಗಳೂರಿನ ಆಟೋ ದರವೂ ನನಗೆ ಇಷ್ಟದ ಉದಾಹರಣೆ. 2025ರ ಆಗಸ್ಟ್‌ನಿಂದ ಮೊದಲ 2 ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಕಿಲೋಮೀಟರಿಗೆ 18. (ಮೀಟರ್ ಹಾಕಿದರೆ, ಆ ಮಾತು ಬೇರೆ.) ಕನಿಷ್ಠ ದರ ಇದೆಯಲ್ಲ, ಹಾಗಾಗಿ ಸಮೀಕರಣದಲ್ಲಿ ಕೊನೆಗೊಂದು ಸಂಖ್ಯೆ ಕೂಡಿಸಬೇಕು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಮಾಡಿ ನೋಡಿ. ಎಕ್ಸ್ ಅಂದರೆ ಹೋದ ಕಿಲೋಮೀಟರ್, ವೈ ಅಂದರೆ ಕೊಡಬೇಕಾದ ರೂಪಾಯಿ. ಬಿಂದು (2, 36), ಇಳಿಜಾರು 18. ವೈ − 36 = 18(ಎಕ್ಸ್ − 2). ಎರಡೂ ಕಡೆಯ 36 ಹೊಡೆದುಹೋಗಿ ವೈ = 18ಎಕ್ಸ್ ಉಳಿಯುತ್ತದೆ! 2 ಕಿಲೋಮೀಟರ್ ದಾಟಿದ ಮೇಲೆ ಕನಿಷ್ಠ ದರದ ಸುಳಿವೇ ಇಲ್ಲ. ಗೆರೆಯನ್ನು ಹಿಂದಕ್ಕೆ ಎಳೆದರೆ ನೇರವಾಗಿ ಮೂಲಬಿಂದುವಿಗೆ, ಅಂದರೆ (0, 0) ಗೆ ಹೋಗುತ್ತದೆ.

ಈ ದಾರಿ ಕೈಕೊಡುವುದು ಒಂದೇ ಕಡೆ. (4, 1) ಮತ್ತು (4, 7) ಕೊಟ್ಟರೆ ಬಲಕ್ಕೆ ಹೋಗಿದ್ದು ಸೊನ್ನೆ. ಸೊನ್ನೆಯಿಂದ ಭಾಗಿಸೋಕೆ ಆಗಲ್ಲ, ಇಳಿಜಾರೇ ಇಲ್ಲ. ಗೆರೆ ಕಂಬದ ಹಾಗೆ ನೆಟ್ಟಗೆ ನಿಂತಿದೆ. ಅದರ ಸಮೀಕರಣ ಸುಮ್ನೆ ಎಕ್ಸ್ = 4. "ವೈ ಎಲ್ಲಿ ಹೋಯ್ತು ಸಾರ್?" ಅಂತ ಆಗ ಒಬ್ಬರಾದರೂ ಕೇಳುತ್ತಾರೆ. ಎಲ್ಲೂ ಹೋಗಿಲ್ಲ. ಅದು ಎಷ್ಟು ಬೇಕಾದರೂ ಇರಬಹುದು, ಅದಕ್ಕೇ ಬರೆದಿಲ್ಲ.