ಸಮ್ ಇಬ್ಬರಿಗೂ ಒಟ್ಟಿಗೆ ಬರಬೇಕು: ಕಲಬುರಗಿ–ಬೀದರ್ ನಡುವೆ ಒಂದೇ ವಿಡಿಯೊ, ಇಲ್ಲಿಯವರೆಗಿನ ಕೆಲಸ

ಜೂನ್ 7

ದೋಸ್ತ ಬೀದರಿಗೆ ಹೋಗಿ ನಾಲ್ಕು ತಿಂಗಳಾಯಿತು. ಅವನು ತಬಲಾ ನುಡಿಸುತ್ತಾನೆ, ನಾನು ಕೇಳುವವನು. ಕಲಬುರಗಿಯಲ್ಲಿದ್ದಾಗ ಶನಿವಾರ ರಾತ್ರಿ ಊಟ ಮುಗಿಸಿ ನಮ್ಮ ಮಾಳಿಗೆ ಮೇಲೆ ಚಾಪೆ ಹಾಸಿ, ಲ್ಯಾಪ್‌ಟಾಪ್ ಇಟ್ಟುಕೊಂಡು ಯೂಟ್ಯೂಬ್‌ನಲ್ಲಿ ಹಳೆಯ ಗಾಯನಗಳನ್ನು ನೋಡುತ್ತಿದ್ದೆವು. ಮಲ್ಲಿಕಾರ್ಜುನ ಮನ್ಸೂರ, ಭೀಮಸೇನ ಜೋಶಿ, ಗಂಗೂಬಾಯಿ ಹಾನಗಲ್. ಸಮ್, ಅಂದರೆ ತಾಳದ ಸುತ್ತು ಮತ್ತೆ ಶುರುವಾಗುವ ಮೊದಲ ಮಾತ್ರೆ (ತಾಳದ ಒಂದು ಎಣಿಕೆ), ಬಂದಾಗ ಇಬ್ಬರ ಕೈಯೂ ಒಂದೇ ಸಲ ತೊಡೆ ಮೇಲೆ ಬೀಳುತ್ತಿತ್ತು. ಅದು ನನಗೆ ಮತ್ತೆ ಬೇಕು. ಎರಡು ಊರಲ್ಲಿದ್ದೇ ಒಂದೇ ವಿಡಿಯೊ ಇಬ್ಬರಿಗೂ ಒಂದೇ ಸಲ ಓಡುವಂತೆ ಮಾಡುವ ಈ ಕೆಲಸ ಶುರು ಮಾಡಿದ್ದೇ ಅದಕ್ಕೆ.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆವು. ಫೋನ್ ಹಚ್ಚಿ "ಒಂದು, ಎರಡು, ಮೂರು" ಎಂದು ಒಟ್ಟಿಗೆ ಪ್ಲೇ ಒತ್ತಿದೆವು. ವಿಲಂಬಿತ್, ಅಂದರೆ ನಿಧಾನದ ಭಾಗ, ನಡೆಯುವಾಗ ಎಲ್ಲ ಚೆನ್ನಾಗಿಯೇ ಇದೆ ಅನ್ನಿಸಿತು, ಯಾಕೆಂದರೆ ಅಲ್ಲಿ ಏಕತಾಲದ ಒಂದು ಮಾತ್ರೆಯೇ ನಾಲ್ಕೈದು ಸೆಕೆಂಡ್ ಇರುತ್ತದೆ, ಹನ್ನೆರಡು ಮಾತ್ರೆ ಮುಗಿದು ಸಮ್‌ಗೆ ಬರಲು ಹತ್ತಿರ ಹತ್ತಿರ ಒಂದು ನಿಮಿಷ ಬೇಕು, ಅಷ್ಟರಲ್ಲಿ ಅರ್ಧ ಸೆಕೆಂಡ್ ಆಚೀಚೆ ಆದರೆ ಗೊತ್ತೇ ಆಗುವುದಿಲ್ಲ. ವೇಗದ ಭಾಗ ದ್ರುತ್ ಶುರುವಾಯಿತು ನೋಡಿ, ಕೆಟ್ಟಿತು. ನನಗೆ ಇನ್ನೂ ತಿಹಾಯಿ (ಮೂರು ಸಲ ಬಂದು ಸಮ್‌ಗೆ ಮುಟ್ಟುವ ತುಣುಕು) ನಡೆದಿದೆ, ಆ ಕಡೆಯಿಂದ "ವಾಹ್" ಅಂತ ಕೇಳಿತು.

"ನಿಂದು ಮುಂದ ಹೋಗ್ಯದ ನೋಡಪಾ, ನನಗ ಸಮ್ ಇನ್ನಾ ಬಂದಿಲ್ಲ" ಅಂದೆ.

ಲೆಕ್ಕ ಹಾಕಿದರೆ ಕಾರಣ ಸುಲಭ. ನಿಮಿಷಕ್ಕೆ 240 ಮಾತ್ರೆಯ ತೀನ್‌ತಾಲದಲ್ಲಿ ಒಂದು ಮಾತ್ರೆಗೆ ಕಾಲು ಸೆಕೆಂಡ್. ಅರ್ಧ ಸೆಕೆಂಡ್ ತಪ್ಪಿದರೆ ಎರಡು ಮಾತ್ರೆ ತಪ್ಪಿದಂತೆ. ಕಾಮಿಡಿ ವಿಡಿಯೊಗೆ ಅರ್ಧ ಸೆಕೆಂಡ್ ನಡೆಯುತ್ತದೆ, ಇದಕ್ಕೆ ನಡೆಯುವುದಿಲ್ಲ.

ಜೂನ್ 10

ಮೀಟಿಂಗ್ ಆ್ಯಪ್ ಒಂದರಲ್ಲಿ ಸ್ಕ್ರೀನ್ ಶೇರ್ ಮಾಡಿ ನೋಡಿದೆವು. ಒಂದೇ ಕಡೆಯಿಂದ ಹೋಗುವುದರಿಂದ ಸಮ್‌ ತಪ್ಪುವ ಚಿಂತೆ ಜಾಸ್ತಿ ಇಲ್ಲ. ಆದರೆ ಐದು ನಿಮಿಷಕ್ಕೇ ಅವನು ಕೇಳಿದ, "ತಂಬೂರಿ ಎಲ್ಲಿ ಹೋಯ್ತೋ? ಕೇಳಸಲತ್ತಿಲ್ಲ."

ಹೌದು, ಇರಲಿಲ್ಲ. ಮೀಟಿಂಗ್ ಆ್ಯಪ್‌ಗಳು ಮಾತು ಚೆನ್ನಾಗಿ ಕೇಳಲಿ ಅಂತ ಫ್ಯಾನ್, ಎಸಿ ತರಹ ಒಂದೇ ಸಮನೆ ಬರುವ ಸದ್ದನ್ನು ಅಳಿಸುತ್ತವೆ. ತಂಬೂರಿಯೂ ಒಂದೇ ಸಮನೆ ಬರುವ ನಾದವೇ ಅಲ್ವಾ, ಅದನ್ನೂ ಸದ್ದು ಅಂತಲೇ ತಿಳಿದು ಒರೆಸಿ ಹಾಕಿತ್ತು. ತಂಬೂರಿ ಹಿಡಿದಿಡುವ ಆಧಾರ ಸ್ವರ ಷಡ್ಜವೇ ಇಲ್ಲದ ಗಾಯನ ಕೇಳುವುದು ಹೇಗೆ? ಆ ಸೌಲಭ್ಯ ಆಫ್ ಮಾಡಿದ ಮೇಲೆ ತಂಬೂರಿ ಬಂತು, ಆದರೆ ದನಿ ಡಬ್ಬಿಯೊಳಗಿಂದ ಬಂದ ಹಾಗೆ. ಈ ದಾರಿ ಬಿಟ್ಟೆ.

ವಿಡಿಯೊ ಫೈಲ್ ಇಬ್ಬರ ಹತ್ತಿರವೂ ಇದ್ದರೆ ಸಿಂಕ್‌ಪ್ಲೇ ಎಂಬ ಉಚಿತ ತಂತ್ರಾಂಶ ಇದೆ, ವಿಎಲ್‌ಸಿ, ಎಂಪಿವಿ ಎಂಬ ವಿಡಿಯೊ ಪ್ಲೇಯರ್‌ಗಳ ಜೊತೆ ಕೆಲಸ ಮಾಡುತ್ತದೆ. ಅದು ವಿಡಿಯೊ ಕಳಿಸುವುದಿಲ್ಲ, "ಈಗ ಇಷ್ಟನೇ ಸೆಕೆಂಡ್, ಈಗ ನಿಲ್ಲಿಸಿದೆ" ಎಂಬ ಮಾತನ್ನಷ್ಟೇ ಕಳಿಸುತ್ತದೆ. ಫೈಲ್ ಇದ್ದವರು ಸುಮ್ನೆ ಅದನ್ನೇ ಹಾಕಿಕೊಳ್ಳಿ. ನಾವು ನೋಡುವುದೆಲ್ಲ ಯೂಟ್ಯೂಬ್‌ನಲ್ಲಿ ಇರುವುದರಿಂದ ಅದೇ ವಿಚಾರ ಇಟ್ಟುಕೊಂಡು ನಾನೇ ಒಂದು ವೆಬ್ ಪುಟ ಬರೆಯುತ್ತೇನೆ.

ಜೂನ್ 21

ಪುಟ ಎದ್ದು ನಿಂತಿತು. ಯೂಟ್ಯೂಬ್‌ನ ಪ್ಲೇಯರ್ ಅನ್ನು ನಮ್ಮ ಪುಟದಲ್ಲಿ ಕೂರಿಸಿ ಜಾವಾಸ್ಕ್ರಿಪ್ಟ್‌ನಿಂದ ಶುರು, ನಿಲ್ಲು, ಇಷ್ಟನೇ ಸೆಕೆಂಡಿಗೆ ಹೋಗು ಎಂದು ಹೇಳಬಹುದು, ಈಗ ಎಲ್ಲಿದೆ ಎಂದು ಕೇಳಬಹುದು. ನಡುವೆ ನೋಡ್‌ಜೆಎಸ್‌ನಲ್ಲಿ ಬರೆದ, ಇಬ್ಬರ ಸುದ್ದಿಯನ್ನು ಕೂಡಲೇ ಆಚೀಚೆ ಮುಟ್ಟಿಸುವ ಒಂದು ಪುಟ್ಟ ವೆಬ್‌ಸಾಕೆಟ್ ಸರ್ವರ್. ಮೊದಲು ಮನೆಯ ಹಳೆಯ ಲ್ಯಾಪ್‌ಟಾಪ್‌ನಲ್ಲೇ ಓಡಿಸೋಣ ಅಂದುಕೊಂಡಿದ್ದೆ, ಮನೆಯ ಫೈಬರ್‌ಗೆ ಸ್ವಂತ ಪಬ್ಲಿಕ್ ಐಪಿ ಇಲ್ಲದ್ದರಿಂದ ಹೊರಗಿನವರಿಗೆ ಅದು ಸಿಗುವುದಿಲ್ಲ, ಹಾಗಾಗಿ ಒಂದು ಸಣ್ಣ ಸರ್ವರ್ ಬಾಡಿಗೆಗೆ ತಗೊಂಡೆ.

ಬಹಳ ಹೊತ್ತು ತಿಂದದ್ದು ಗಡಿಯಾರ. ನನ್ನ ಲ್ಯಾಪ್‌ಟಾಪ್ ಗಡಿಯಾರ ಮತ್ತು ಅವನದು ಒಂದೇ ಅಲ್ಲ, ಹೆಚ್ಚುಕಡಿಮೆ ಮುಕ್ಕಾಲು ಸೆಕೆಂಡ್ ವ್ಯತ್ಯಾಸ ಇತ್ತು. ಅದಕ್ಕೆ ಇಬ್ಬರೂ ಸರ್ವರ್‌ನ ಗಡಿಯಾರವನ್ನೇ ನಂಬಬೇಕು. ಉಪಾಯ ಹಳೆಯದು: "ಟೈಮ್ ಎಷ್ಟು?" ಎಂದು ಸರ್ವರ್‌ಗೆ ಕೇಳುವುದು, ಪ್ರಶ್ನೆ ಹೋಗಿ ಉತ್ತರ ಬರಲು ಎಷ್ಟು ಹೊತ್ತಾಯಿತೋ ಅದರ ಅರ್ಧವನ್ನು ಉತ್ತರಕ್ಕೆ ಕೂಡಿಸುವುದು. ನನ್ನ ಫೈಬರ್‌ನಲ್ಲಿ ಹೋಗಿ ಬರುವುದಕ್ಕೆ 50 ಮಿಲಿಸೆಕೆಂಡ್. ಅವನ ಮೊಬೈಲ್ ಡೇಟಾದಲ್ಲಿ ಒಮ್ಮೆ 80, ಒಮ್ಮೆ 400. ಸರಾಸರಿ ತೆಗೆದರೆ ತಪ್ಪು ಬರುತ್ತದೆ. ಕಂಪ್ಯೂಟರ್‌ಗಳ ಗಡಿಯಾರ ಸರಿ ಇಡುವ ಎನ್‌ಟಿಪಿ ಏನು ಮಾಡುತ್ತದೆ ಎಂದು ಓದಿದೆ. ಅದು ಕೊನೆಯ ಎಂಟು ಸಲದ ಅಳತೆಯಲ್ಲಿ ಎಲ್ಲಕ್ಕಿಂತ ಬೇಗ ಬಂದ ಉತ್ತರವನ್ನು ಹೆಚ್ಚು ನಂಬುತ್ತದೆ. ನಾನೂ ಹಾಗೇ ಮಾಡಿದೆ. ಅಲುಗಾಟ ನಿಂತಿತು.

ಈಗ ಶುರು ಮಾಡುವುದು ಹೀಗೆ: ಇಬ್ಬರೂ "ತಯಾರ್" ಗುಂಡಿ ಒತ್ತಬೇಕು, ಒತ್ತದಿದ್ದರೆ ಬ್ರೌಸರ್ ದನಿ ಸಮೇತ ತಾನಾಗಿ ಶುರು ಮಾಡಲು ಬಿಡುವುದಿಲ್ಲ. ಆಮೇಲೆ ಸರ್ವರ್ ಮೂರು ಸೆಕೆಂಡ್ ಮುಂದಿನ ಒಂದು ಗಳಿಗೆ ಹೇಳುತ್ತದೆ. ಆ ಗಳಿಗೆಗೆ ಎರಡೂ ಕಡೆ ಓಡುತ್ತದೆ. ಒಬ್ಬರಿಗೆ ನಡುವೆ ಜಾಹೀರಾತು ಬಂದರೋ, ಇಲ್ಲಾ ಬಫರ್ ಆಗಿ ನಿಂತರೋ, ಇನ್ನೊಬ್ಬರದೂ ನಿಲ್ಲುತ್ತದೆ.

ಇಷ್ಟಾದರೂ ನಡುನಡುವೆ 0.3, 0.4 ಸೆಕೆಂಡ್ ಬಿರುಕು ಬೀಳುತ್ತದೆ. ಹಿಂದೆ ಬಿದ್ದವರದನ್ನು 1.25 ವೇಗದಲ್ಲಿ ಓಡಿಸಿದರೆ 0.4 ಸೆಕೆಂಡ್ ತುಂಬಲು 1.6 ಸೆಕೆಂಡ್ ಸಾಕು. ಮಾಡಿ ತೋರಿಸಿದೆ. ದೋಸ್ತನಿಗೆ ಸಿಟ್ಟೇ ಬಂತು. "ಲಯ ಹಾಳ್ ಮಾಡ್ಲತ್ತಿ. ಬೇಕಂದ್ರ ನಿಲ್ಲಸು, ಓಡಸಬ್ಯಾಡ." ಅವನು ಹೇಳಿದ್ದೇ ಸರಿ. ಪ್ಲೇಯರ್ ಸ್ವರವನ್ನು ಏರಿಸದೆ ವೇಗ ಮಾತ್ರ ಏರಿಸುತ್ತದೆ, ಆದರೂ ಲಯ ಬದಲಾದದ್ದು ಬದಲಾದದ್ದೇ. ಆ ಸಾಲುಗಳನ್ನು ಅಳಿಸಿದೆ. ಈಗ ಮುಂದೆ ಇರುವವರದು ಅಷ್ಟು ಹೊತ್ತು ನಿಲ್ಲುತ್ತದೆ.

ಜೂನ್ 29, ಭಾನುವಾರ

ಪುಟ ತೋರಿಸುವ ವ್ಯತ್ಯಾಸ 40 ಮಿಲಿಸೆಕೆಂಡ್, ಕಿವಿ ಹೇಳುವುದು ಬೇರೆ. ಅವನ "ವಾಹ್" ತೀರಾ ತಡವಾಗಿ ಬರುತ್ತಿತ್ತು. ಒಂದು ವಾರ ಕೋಡ್ ತಡಕಾಡಿದೆ, ಏನೂ ಸಿಗಲಿಲ್ಲ. ಕೊನೆಗೆ ಅವನೇ ಟ್ರೇನ್ ಹತ್ತಿ ಬಂದ. 2017ರಲ್ಲಿ ಬೀದರ್–ಕಲಬುರಗಿ ಲೈನ್ ಶುರುವಾದ ಮೇಲೆ ಹುಮನಾಬಾದ್ ಮೇಲಿಂದ ನೇರ ಬರಬಹುದು, ನಮ್ಮಂಥವರಿಗೆ ಅದು ದೊಡ್ಡ ಅನುಕೂಲ.

ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಊಟ ಆದ ಮೇಲೆ ಎರಡೂ ಲ್ಯಾಪ್‌ಟಾಪ್ ಟೇಬಲ್ ಮೇಲೆ ಅಕ್ಕಪಕ್ಕ ಇಟ್ಟೆವು. ನನ್ನದು ವೈರ್ ಸ್ಪೀಕರ್. ಅವನದು ಬೀದರಿನಲ್ಲಿ ದಿನಾ ಹಾಕಿಕೊಳ್ಳುವ ಬ್ಲೂಟೂತ್ ನೆಕ್‌ಬ್ಯಾಂಡ್. ನೆಕ್‌ಬ್ಯಾಂಡ್‌ನ ಒಂದು ತುದಿಯನ್ನು ಮೂರನೇ ಫೋನ್‌ನ ಮೈಕ್‌ಗೆ ಅಂಟಿಸಿ ಹಿಡಿದ, ನಾನು ಸ್ಪೀಕರ್ ಸಣ್ಣಗೆ ಮಾಡಿದೆ. ಅವನು ನುಡಿಸಿ ರೆಕಾರ್ಡ್ ಮಾಡಿದ ಹತ್ತು ಸೆಕೆಂಡಿನ ವಿಡಿಯೊ, ಅದರಲ್ಲಿ ಬರೀ ತಬಲಾದ "ಧಾ" ಪೆಟ್ಟು, ನಡುವೆ ಮೌನ. ಫೋನ್‌ನ ರೆಕಾರ್ಡಿಂಗ್ ಅನ್ನು ದನಿಯ ಅಲೆ ತೋರಿಸುವ ಆಡಾಸಿಟಿ ತಂತ್ರಾಂಶದಲ್ಲಿ ತೆರೆದು ದೊಡ್ಡದು ಮಾಡಿ ನೋಡಿದರೆ, ಪ್ರತಿ "ಧಾ"ಗೆ ಎರಡು ಮೊನೆ. ಮೊದಲನೆಯದು ನನ್ನ ಸ್ಪೀಕರಿನದು. ಎರಡನೆಯದು 220 ಮಿಲಿಸೆಕೆಂಡ್ ಆಮೇಲೆ. ಹತ್ತೂ ಸಲ ಹೆಚ್ಚುಕಡಿಮೆ ಅಷ್ಟೇ. ನೆಕ್‌ಬ್ಯಾಂಡ್ ತೆಗೆದು ವೈರ್ ಇಯರ್‌ಫೋನ್ ಹಾಕಿದೆವು. ಎರಡು ಮೊನೆ ಸರಿದು ಒಂದಕ್ಕೊಂದು ಅಂಟಿಕೊಂಡವು, ನಡುವೆ 30 ಉಳಿಯಿತು.

ಬ್ಲೂಟೂತ್ ದನಿಯನ್ನು ಕಟ್ಟಿ, ಕಳಿಸಿ, ಬಿಚ್ಚುವಷ್ಟರಲ್ಲಿ ಆಗುವ ತಡ ಅದು. ನನ್ನ ಕೋಡ್‌ಗೆ ಅದು ಕಾಣುತ್ತಲೇ ಇರಲಿಲ್ಲ. ನಿಮ್ಮದೂ ಹೀಗೇ ಕೂಡದಿದ್ದರೆ ಮೊದಲು ಬ್ಲೂಟೂತ್ ಬಿಚ್ಚಿ ನೋಡಿ, ಒಂದು ವಾರ ಉಳಿಯುತ್ತದೆ.

ಅದೇ ದಿನ ಫೋನ್ ಕಾಲ್ ಕೂಡ ಅಳೆದೆವು. ಅವನು ಒಳಗಿನ ಕೋಣೆಯಲ್ಲಿ ಚಪ್ಪಾಳೆ ತಟ್ಟಿದರೆ ಕಾಲ್ ಮೂಲಕ ನನ್ನ ಫೋನ್‌ಗೆ ಬರಲು ಸುಮಾರು 240 ಮಿಲಿಸೆಕೆಂಡ್. ಅಂದರೆ ವಿಡಿಯೊ ಎಷ್ಟೇ ಸರಿಯಾಗಿ ಕೂಡಿದ್ದರೂ ಅವನ "ವಾಹ್" ನನಗೆ ದ್ರುತ್‌ನ ಒಂದು ಮಾತ್ರೆ ತಡವಾಗಿಯೇ ಬರುತ್ತದೆ, ನನ್ನದು ಅವನಿಗೆ ಅಷ್ಟೇ ತಡ. ನನ್ನ ವಿಡಿಯೊವನ್ನು ಅಷ್ಟು ಹಿಂದಿಟ್ಟರೆ ಅವನ ದನಿ ನನಗೆ ಸಮ್ ಮೇಲೆ ಬೀಳುತ್ತದೆ, ಆದರೆ ನನ್ನ ದನಿ ಅವನಿಗೆ ಎರಡು ಪಟ್ಟು ತಡ. ಇದನ್ನು ಕೇಳಿದ ಮೇಲೆ ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನೆ ಕೂತೆವು. ಆಮೇಲೆ ದನಿ ಗಾಳಿಯಲ್ಲಿ ಸೆಕೆಂಡಿಗೆ 340 ಮೀಟರ್ ಹೋಗುತ್ತದೆ ಅಲ್ವಾ, ಅದರ ಲೆಕ್ಕ ಹಾಕಿದೆ. 240 ಮಿಲಿಸೆಕೆಂಡ್ ಅಂದರೆ ಹತ್ತಿರ ಹತ್ತಿರ 80 ಮೀಟರ್. ಬಯಲಿನ ದೊಡ್ಡ ಪೆಂಡಾಲ್‌ನಲ್ಲಿ ನಾನು ಈ ಕೊನೆಗೆ, ಅವನು ಆ ಕೊನೆಗೆ ಕೂತ ಹಾಗೆ. "ಬೀದರ್‌ಕಿಂತ 80 ಮೀಟರ್ ಭಾಳ ಛಲೋ ಬಿಡು" ಅಂದ. ಹಿಂದೆ ಮುಂದೆ ಮಾಡುವುದು ಬೇಡ, ಸೊನ್ನೆಗೇ ಇಡೋಣ, ತಡ ಇಬ್ಬರಿಗೂ ಸಮ ಇರಲಿ ಎಂದು ನಿರ್ಧಾರ ಆಯಿತು.

ಜುಲೈ 5

ಮಳೆ, ಕರೆಂಟ್ ಹೋಯಿತು. ರೂಟರ್‌ಗೆ ಸಣ್ಣ ಯುಪಿಎಸ್ ತರಬೇಕು.

ಜುಲೈ 12

ಉಳಿದ ಒಂದೇ ತೊಂದರೆ, ಬಿರುಕು ತುಂಬಲು ಪುಟ ನಿಲ್ಲಿಸುವ ಅರೆ ಗಳಿಗೆ ಕೆಲವೊಮ್ಮೆ ತಾನಿನ (ಸ್ವರಗಳ ವೇಗದ ಓಟದ) ನಡುವೆಯೇ ಬೀಳುತ್ತದೆ. ಅದು ಕಿವಿಗೆ ಚುಚ್ಚುತ್ತದೆ. ದೋಸ್ತ ಒಂದು ದಾರಿ ಹೇಳಿದ: ಎಲ್ಲಿ ನಿಲ್ಲಿಸಿದರೆ ನೋವಾಗುವುದಿಲ್ಲವೋ ಅದನ್ನು ಮೊದಲೇ ಗುರುತು ಹಾಕಿಡುವುದು. ತಂಬೂರಿ ಶ್ರುತಿ ಮಾಡುವ ಹೊತ್ತು, ವಿಲಂಬಿತ್ ಮುಗಿದು ದ್ರುತ್ ಎತ್ತಿಕೊಳ್ಳುವ ಮುಂಚಿನ ಸಂದು, ಚಪ್ಪಾಳೆಯ ಹೊತ್ತು. ಪುಟ ಇನ್ನು ಮುಂದೆ ಆ ಗುರುತುಗಳಲ್ಲಿ ಮಾತ್ರ ತಿದ್ದುತ್ತದೆ. ಒಂದೂವರೆ ಸೆಕೆಂಡಿಗಿಂತ ಜಾಸ್ತಿ ಬಿರುಕಾದರೆ ಮಾತ್ರ ಕೂಡಲೇ. ಬರೆಯಲು ಒಂದು ಸಂಜೆ ಹಿಡಿಯಿತು.

ಇಂದು ರಾತ್ರಿ ನೋಡುವ ವಿಡಿಯೊಗೆ ಅವನು ಮಧ್ಯಾಹ್ನ ಕೂತು ಪೂರ್ತಿ ಕೇಳಿ ಗುರುತು ಕಳಿಸಿದ್ದಾನೆ: 2:10, 26:45, 41:30. ವೈರ್ ಇಯರ್‌ಫೋನ್ ಹೊಸದು ತಗೊಂಡಿದ್ದಾನಂತೆ. ಒಂಬತ್ತೂವರೆಗೆ ಶುರು.